ಕರೆಂಟ್ ಹೋದರೆ ಓತಿಕ್ಯಾತನಿಗೆ ಕೌದಿ ಸಾಕೇ?

ರೌಂಡ್‌ರಾಕ್ ಅಮ್ಮ:
ನಮ್ಮ ಮನೆಯಲ್ಲಿ ಬಿಯರ್ಡೆಡ್ ಡ್ರ್ಯಾಗನ್ ಎಂಬ ಒಂದು ಸಾಕು ಹಲ್ಲಿ ಇದೆ. ಮಗ ಅದಕ್ಕೆ ಭೀಮ ಎಂದು ಹೆಸರಿಟ್ಟಿದ್ದಾನೆ. ಊರಿನಿಂದ ಬಂದಿದ್ದ ನಮ್ಮ ಅತ್ತೆ ಮಾತ್ರ ವಾಪಸು ಹೊರಡುವ ದಿನದವರೆಗೂ ಅದನ್ನು ಓತಿಕ್ಯಾತ ಎಂದೇ ಕರೆದರು. ಈ ಶನಿವಾರದಿಂದ ಆಸ್ಟಿನ್ ಸುತ್ತಮುತ್ತ ಹಿಮ, ಸೊನ್ನೆಗಿಂತ ಕೆಳಗಿನ ಚಳಿ ಎಂದು ಮುನ್ಸೂಚನೆ ಬಂದಿದೆ. 2021ರ ಫೆಬ್ರವರಿಯನ್ನು ಟೆಕ್ಸಸ್‌ನಲ್ಲಿ ಕಳೆದವರಿಗೆ ಇಷ್ಟು ಕೇಳಿದರೇ ಸಾಕು, ಕೈಕಾಲು ತಣ್ಣಗಾಗುತ್ತವೆ. ಆಗ ನಮ್ಮ ಮನೆಯಲ್ಲಿ ಮೂರು ದಿನ ಕರೆಂಟ್ ಇರಲಿಲ್ಲ. ಭೀಮನೂ ಇರಲಿಲ್ಲ, ಹಾಗಾಗಿ ಕಂಬಳಿ ಹೊದ್ದು ಕುಳಿತುಬಿಟ್ಟೆವು. ಈಗ ಯಜಮಾನರು ಜನರೇಟರ್ ತಂದು ಗ್ಯಾರೇಜಿನಲ್ಲಿಟ್ಟು, ಬಾಗಿಲು ಅರ್ಧ ತೆರೆದು ಓಡಿಸೋಣ ಎನ್ನುತ್ತಿದ್ದಾರೆ. ನನಗೆ ಧೈರ್ಯವಾಗುತ್ತಿಲ್ಲ. ಗಾಜಿನ ತೊಟ್ಟಿಯ ಮೇಲೆ ನನ್ನ ಅಮ್ಮ ಹೊಲಿದುಕೊಟ್ಟ ಕೌದಿಯನ್ನು ಹೊದಿಸಿದರೆ ಸಾಲದೇ?

ಪ್ಲೇನೋ ಹಾವಾಡಿಗ:
ಸಾಲದು. ಕೌದಿ ಬಿಸಿಯನ್ನು ಹುಟ್ಟಿಸುವುದಿಲ್ಲ, ಇರುವ ಬಿಸಿ ಹೊರಗೆ ಹೋಗದಂತೆ ತಡೆಯುತ್ತದೆ. ನಾವು ಹೊದ್ದರೆ ಬೆಚ್ಚಗಾಗುವುದು ನಮ್ಮ ಮೈಯೊಳಗೇ ಒಲೆ ಉರಿಯುತ್ತಿರುವುದರಿಂದ. ಭೀಮನ ಮೈಯಲ್ಲಿ ಒಲೆ ಇಲ್ಲ. ತಣ್ಣನೆಯ ಕಲ್ಲಿಗೆ ಕೌದಿ ಹೊದಿಸಿದರೆ ಅದು ತಣ್ಣನೆಯ ಕಲ್ಲಾಗಿಯೇ ಇರುತ್ತದೆ.

2021ರ ಫೆಬ್ರವರಿ 16ರಂದು ಡಾಲಸ್‌ನಲ್ಲಿ ಹೊರಗೆ ಮೈನಸ್ 19 ಡಿಗ್ರಿ. (ಸೆಲ್ಸಿಯಸ್‌ನಲ್ಲೇ ಬರೆಯುತ್ತೇನೆ. ಇಪ್ಪತ್ತು ವರ್ಷವಾದರೂ ನನಗೆ ಫ್ಯಾರನ್‌ಹೀಟ್ ಒಗ್ಗಿಲ್ಲ.) ನಮ್ಮ ಮನೆಯ ಒಳಗೆ ಮಂಗಳವಾರ ಸಂಜೆ 7 ಡಿಗ್ರಿ. ನನ್ನ ಬಳಿ ಇದ್ದದ್ದು ಬಾಲ್ ಪೈಥಾನ್ ಎಂಬ ಹೆಬ್ಬಾವು. ಅದು ಘಾನಾ, ಟೋಗೊ, ಬೆನಿನ್ ಕಡೆಯ ಪ್ರಾಣಿ, ಅದರ ವಂಶದಲ್ಲಿ ಯಾರೂ ಹಿಮ ನೋಡಿರಲಿಕ್ಕಿಲ್ಲ. ತೊಟ್ಟಿಯ ಬೆಚ್ಚನೆಯ ಬದಿ 31–32 ಡಿಗ್ರಿ ಇರಬೇಕು. ಬಿಸಿಯನ್ನು ಹೊರಗಿನಿಂದ ಕೊಡದೆ ಬೇರೆ ದಾರಿ ಇಲ್ಲ.

ತೀರ್ಥಹಳ್ಳಿಯವ:
ಒಂದು ಹಲ್ಲಿಗೆ ಇಷ್ಟು ರಾಮಾಯಣ! ಬಿಯರ್ಡೆಡ್ ಡ್ರ್ಯಾಗನ್ ಆಸ್ಟ್ರೇಲಿಯಾದ ಒಣ ಬಯಲಿನ ಪ್ರಾಣಿ. ಅಲ್ಲಿ ರಾತ್ರಿ ಚಳಿ ಬೀಳುವುದಿಲ್ಲವೇ? ಅಲ್ಲಿ ಯಾರು ಹೀಟರ್ ಇಟ್ಟಿದ್ದಾರೆ? ನಮ್ಮ ಅಡಕೆ ತೋಟದ ಬೇಲಿಯ ಮೇಲೆ ಡಿಸೆಂಬರ್ ಬೆಳಿಗ್ಗೆ ಓತಿಕ್ಯಾತಗಳು ಮರಗಟ್ಟಿ ಕುಳಿತಿರುತ್ತವೆ, ಒಂಬತ್ತು ಗಂಟೆಗೆ ಬಿಸಿಲು ಬಿದ್ದರೆ ಓಡುತ್ತವೆ. ತೀರಾ ಚಳಿಯಾದರೆ ಕೋಣೆಯಲ್ಲಿ ಒಂದು ಅಗ್ಗಿಷ್ಟಿಕೆ ಇಡಿ. ನಮ್ಮಜ್ಜಿ ಬಾಣಂತಿಯರನ್ನೇ ಹಾಗೆ ನೋಡಿಕೊಂಡವರು.

ಹೆಬ್ಬಾಳದ ಪಶುವೈದ್ಯೆ:
ನಾನು ಹೆಬ್ಬಾಳದಲ್ಲಿ ಓದಿ ಈಗ ಹ್ಯೂಸ್ಟನ್‌ನಲ್ಲಿ ಕೆಲಸ ಮಾಡುತ್ತಿದ್ದೇನೆ. ತೀರ್ಥಹಳ್ಳಿ ಸರ್, ನಿಮ್ಮ ಮಾತಿನಲ್ಲಿ ಅರ್ಧ ಸರಿ, ಉಳಿದರ್ಧ ಜೀವ ತೆಗೆಯುವಂಥದ್ದು. ಮೊದಲು ಆ ಅರ್ಧ. ಕೋಣೆಯೊಳಗೆ ಇದ್ದಿಲು ಉರಿಸಬೇಡಿ. 2021ರ ಆ ವಾರ ಹ್ಯೂಸ್ಟನ್ ಪ್ರದೇಶದ ಆಸ್ಪತ್ರೆಗಳಿಗೆ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ಕುಡಿದ ನೂರಾರು ಜನ ಬಂದರು. ಕೆಲವರು ಇದ್ದಿಲ ಒಲೆಯನ್ನು ಒಳಗೆ ತಂದಿದ್ದರು, ಕೆಲವರು ಗ್ಯಾರೇಜಿನಲ್ಲಿ ಕಾರು ಓಡಿಸುತ್ತ ಮೈ ಕಾಯಿಸಿಕೊಂಡಿದ್ದರು. ಬಾಗಿಲು ಅರ್ಧ ತೆರೆದ ಗ್ಯಾರೇಜೂ ಅಷ್ಟೇ ಅಪಾಯಕಾರಿ. ಜನರೇಟರ್ ಮನೆಯಿಂದ ಕನಿಷ್ಠ ಆರು ಮೀಟರ್ ದೂರ, ಹೊಗೆ ಕಿಟಕಿ ಬಾಗಿಲುಗಳ ಕಡೆ ಬಾರದಂತೆ ಹೊರಗೇ ಇರಬೇಕು. ಆ ಅನಿಲಕ್ಕೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಅದನ್ನು ಪತ್ತೆ ಮಾಡುವ ಬ್ಯಾಟರಿಯ ಅಲಾರಂ ಇಲ್ಲದ ಮನೆಯವರು ಇವತ್ತೇ ಕೊಂಡು ತನ್ನಿ.

ಇನ್ನು ಸರಿಯಾದ ಅರ್ಧ. ಆರೋಗ್ಯವಾಗಿರುವ ದೊಡ್ಡ ಬಿಯರ್ಡೆಡ್ ಡ್ರ್ಯಾಗನ್ ರಾತ್ರಿ 18 ಡಿಗ್ರಿಯನ್ನು ಸಲೀಸಾಗಿ ತಡೆಯುತ್ತದೆ. ಅದಕ್ಕಿಂತ ಸ್ವಲ್ಪ ಕೆಳಗೆ ಹೋದರೆ ಮಂಕಾಗುತ್ತದೆ, ತಕ್ಷಣ ಸಾಯುವುದಿಲ್ಲ. ಪೈಥಾನ್ ಅಷ್ಟು ಗಟ್ಟಿಯಲ್ಲ. 24ರ ಕೆಳಗೆ ದಿನಗಟ್ಟಲೆ ಇದ್ದರೆ ಶ್ವಾಸಕೋಶದ ಸೋಂಕು ತಗುಲುವ ಸಾಧ್ಯತೆ ಹೆಚ್ಚು. ಕ್ರೆಸ್ಟೆಡ್ ಗೆಕ್ಕೊ ಎಂಬ ಹಲ್ಲಿ ಇಟ್ಟುಕೊಂಡವರು 20ರಲ್ಲಿ ಗಾಬರಿಯಾಗುವುದೇ ಬೇಡ.

ತೀರ್ಥಹಳ್ಳಿಯವ:
ಅಗ್ಗಿಷ್ಟಿಕೆಯ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ ಡಾಕ್ಟರೇ. ಯೋಚಿಸಿದರೆ ನಮ್ಮದು ಹಂಚಿನ ಮನೆ, ಹೊಗೆ ಹೋಗಲು ಸಾವಿರ ಸಂದು. ನಿಮ್ಮ ಅಮೆರಿಕದ ಮನೆ ಮುಚ್ಚಿದ ಡಬ್ಬಿ. ಆದರೆ ಆಸ್ಟ್ರೇಲಿಯಾದ ಪ್ರಶ್ನೆಗೆ ಉತ್ತರ ಬರಲಿಲ್ಲ.

ಹೆಬ್ಬಾಳದ ಪಶುವೈದ್ಯೆ:
ಉತ್ತರ ಬಿಲದಲ್ಲಿದೆ. ಕಾಡಿನ ಡ್ರ್ಯಾಗನ್ ಚಳಿಗಾಲಕ್ಕೆ ಮೊದಲು ತಿನ್ನುವುದನ್ನು ಕಡಿಮೆ ಮಾಡಿ, ಹೊಟ್ಟೆ ಖಾಲಿ ಮಾಡಿಕೊಂಡು ಮಣ್ಣಿನೊಳಗೆ ಸೇರುತ್ತದೆ. ನಮ್ಮ ಭೀಮ ಶುಕ್ರವಾರ ಮಧ್ಯಾಹ್ನ ಇಪ್ಪತ್ತು ಜಿರಳೆ ತಿಂದು ಶನಿವಾರ ರಾತ್ರಿ ಚಳಿಗೆ ಸಿಕ್ಕಿಬೀಳುತ್ತಾನೆ. ಸರೀಸೃಪಗಳ ಜೀರ್ಣಶಕ್ತಿ ನಡೆಯುವುದೇ ಹೊರಗಿನ ಬಿಸಿಯಿಂದ. ಬಿಸಿ ನಿಂತರೆ ತಿಂದದ್ದು ಹೊಟ್ಟೆಯಲ್ಲೇ ಕೊಳೆಯುತ್ತದೆ. ಹಾವಾದರೆ ನುಂಗಿದ ಇಲಿಯನ್ನು ಕಕ್ಕುತ್ತದೆ. ಆದ್ದರಿಂದ ರೌಂಡ್‌ರಾಕ್ ಅಮ್ಮ, ಇವತ್ತಿನಿಂದಲೇ ಊಟ ನಿಲ್ಲಿಸಿ. ದೊಡ್ಡ ಪ್ರಾಣಿ ಕೆಲವು ದಿನ ಉಪವಾಸ ಇದ್ದರೆ ಏನೂ ಆಗದು. ಕರೆಂಟ್ ಬಂದು, ತೊಟ್ಟಿ ಮೊದಲಿನಂತೆ ಬೆಚ್ಚಗಾಗಿ ಒಂದೆರಡು ದಿನ ಕಳೆದ ಮೇಲೆ ತಿನ್ನಿಸಿ.

ಕಾಡಿನಲ್ಲೂ ಎಲ್ಲ ಪ್ರಾಣಿಗಳೂ ಬದುಕುತ್ತವೆ ಎಂದುಕೊಳ್ಳಬೇಡಿ. 2020ರ ಜನವರಿಯಲ್ಲಿ ಮಯಾಮಿಯ ಹವಾಮಾನ ಕಚೇರಿ ‘ಮರದಿಂದ ಇಗ್ವಾನಾಗಳು ಉದುರಬಹುದು, ಎಚ್ಚರ’ ಎಂದು ಪ್ರಕಟಣೆಯನ್ನೇ ಹೊರಡಿಸಿತ್ತು. ಬಿದ್ದವುಗಳಲ್ಲಿ ಎಷ್ಟೋ ಬಿಸಿಲು ಬಂದ ಮೇಲೆ ಎದ್ದು ಹೋದವು, ಎಲ್ಲವೂ ಅಲ್ಲ. ನಮ್ಮ ಟೆಕ್ಸಸ್‌ನಲ್ಲೇ 2021ರಲ್ಲಿ ಸೌತ್ ಪಾಡ್ರೆ ದ್ವೀಪದ ಬಳಿ ಚಳಿಗೆ ಮರಗಟ್ಟಿದ ಸಾವಿರಾರು ಕಡಲಾಮೆಗಳನ್ನು ಜನ ದೋಣಿಗಳಲ್ಲಿ, ಸ್ವಂತ ಕಾರುಗಳಲ್ಲಿ ಹೊತ್ತು ತಂದು ಸಭಾಭವನದ ನೆಲದ ಮೇಲೆ ಸಾಲಾಗಿ ಮಲಗಿಸಿದರು. ಅವುಗಳ ಮೇಲೆ ಯಾರೂ ಬಿಸಿನೀರು ಸುರಿಯಲಿಲ್ಲ. ಗಾಳಿಯಿಲ್ಲದ ಜಾಗದಲ್ಲಿ ನಿಧಾನವಾಗಿ ಬೆಚ್ಚಗಾಗಲು ಬಿಟ್ಟರು.

ಪ್ಲೇನೋ ಹಾವಾಡಿಗ:
ನಿಧಾನ ಎಂಬ ಮಾತು ಬಂದದ್ದರಿಂದ ನನ್ನ ತಪ್ಪನ್ನು ಹೇಳಿಬಿಡುತ್ತೇನೆ. ಆ ಮಂಗಳವಾರ ಕೈ ಬಿಸಿ ಮಾಡಿಕೊಳ್ಳುವ ಪುಡಿಚೀಲಗಳನ್ನು, ಅದೇ ಒಳಗೆ ಕಬ್ಬಿಣದ ಪುಡಿ ಇರುವಂಥವು, ನಾಲ್ಕನ್ನು ಥರ್ಮೋಕೋಲ್ ಪೆಟ್ಟಿಗೆಯ ತಳಕ್ಕೆ ಟೇಪಿನಿಂದ ಅಂಟಿಸಿದೆ. ಮೇಲೆ ತೆಳ್ಳನೆಯ ಟವೆಲ್. ಹಾವು ಅದರ ಮೇಲೆ ಸುರುಳಿಯಾಗಿ ಮಲಗಿತು. ನನಗೆ ಸಮಾಧಾನವಾಯಿತು. ಬೆಳಿಗ್ಗೆ ಎತ್ತಿ ನೋಡಿದರೆ ಹೊಟ್ಟೆಯ ಕೆಳಗೆ ಮೂರು ಹುರುಪೆಗಳು ಕಂದಿ, ಅಂಚಿನಲ್ಲಿ ಬೊಬ್ಬೆ. ಸುಡುತ್ತಿದ್ದರೂ ಅದು ಸರಿದು ಹೋಗಿರಲಿಲ್ಲ. ಆ ಗಾಯ ಪೂರ್ತಿ ಮಾಯಲು ಮೂರು ಸಲ ಪೊರೆ ಬಿಡಬೇಕಾಯಿತು. ದಿನವೂ ಮುಲಾಮು, ತಳಕ್ಕೆ ಬರೀ ಕಾಗದ, ಹೆಂಡತಿಯ ಮುಖದಲ್ಲಿ ಏನೂ ಹೇಳದ ಒಂದು ನೋಟ.

ಬೋಲ್ಟು ನಟ್ಟು, ಟೊರಾಂಟೊ:
ಆ ಪುಡಿಚೀಲ ಬಿಸಿಯಾಗುವುದು ಕಬ್ಬಿಣ ತುಕ್ಕು ಹಿಡಿಯುವುದರಿಂದ. ಅದಕ್ಕೆ ಆಮ್ಲಜನಕ ಬೇಕು. ಬಿಗಿಯಾಗಿ ಮುಚ್ಚಿದ ಪೆಟ್ಟಿಗೆಯಲ್ಲಿಟ್ಟರೆ ಪ್ರಾಣಿಯ ಉಸಿರಿಗೇ ಪಾಲುದಾರನಾಗುತ್ತದೆ, ಕೊನೆಗೆ ತಾನೂ ತಣ್ಣಗಾಗುತ್ತದೆ. ಪೆಟ್ಟಿಗೆಗೆ ತೂತು ಕೊರೆಯಿರಿ, ಚೀಲವನ್ನು ದಪ್ಪ ಕಾಲುಚೀಲದೊಳಗೆ ಹಾಕಿ ಹೊರಬದಿಗೆ ಕಟ್ಟಿ.

ನನ್ನ ಸಲಹೆ ಬೇರೆ. 500 ವ್ಯಾಟ್-ಅವರ್‌ನ ಬ್ಯಾಟರಿ ಪೆಟ್ಟಿಗೆ ಒಂದನ್ನು ಕೊಳ್ಳಿ. ಹೊಗೆ ಇಲ್ಲ, ಸದ್ದಿಲ್ಲ. 16 ವ್ಯಾಟ್‌ನ ಹೀಟ್ ಮ್ಯಾಟ್, ಅಂದರೆ ಬಿಸಿಯಾಗುವ ಚಾಪೆ, ಹಾಕಿದರೆ ನಷ್ಟ ಕಳೆದು ಒಂದು ದಿನ ದಾಟುತ್ತದೆ. 100 ವ್ಯಾಟ್‌ನ ಬಿಸಿ ಕೊಡುವ ಸೆರಾಮಿಕ್ ಬಲ್ಬ್ ಹಾಕಿದರೆ ನಾಲ್ಕೇ ಗಂಟೆ. ಎಲ್ಲರೂ ತಪ್ಪುವುದು ಇಲ್ಲೇ, ಇಡೀ ತೊಟ್ಟಿಯನ್ನು ಕಾಯಿಸಲು ಹೋಗುತ್ತಾರೆ. ತೊಟ್ಟಿಯನ್ನು ಬಿಟ್ಟುಬಿಡಿ. ಪ್ರಾಣಿಯನ್ನು ಚಿಕ್ಕ ಪೆಟ್ಟಿಗೆಗೆ ಹಾಕಿ, ಅದನ್ನಷ್ಟೇ ಕಾಯಿಸಿ. 2013ರ ಡಿಸೆಂಬರ್‌ನ ಹಿಮಮಳೆಯಲ್ಲಿ ಟೊರಾಂಟೊದ ಸುಮಾರು ಮೂರು ಲಕ್ಷ ಗ್ರಾಹಕರಿಗೆ ಕರೆಂಟ್ ಹೋಗಿತ್ತು. ನಾನು ಆ ಪಾಠ ಕಲಿತದ್ದು ಆಗ.

ತೀರ್ಥಹಳ್ಳಿಯವ:
ನಾನೂರು ಡಾಲರ್ ಬ್ಯಾಟರಿ, ಎಂಬತ್ತು ಡಾಲರ್ ಓತಿಕ್ಯಾತ. ಮೂಗಿಗಿಂತ ಮೂಗುತಿ ಭಾರ. ಬಿಸಿನೀರಿನ ಬಾಟಲಿ ಸಾಲದೇ?

ಹೆಬ್ಬಾಳದ ಪಶುವೈದ್ಯೆ:
ಸಾಲುತ್ತದೆ, ನಾನೂ ಅದನ್ನೇ ಹೇಳಬೇಕೆಂದಿದ್ದೆ. ಎರಡು ಲೀಟರ್‌ನ ಸೋಡಾ ಬಾಟಲಿಗೆ ಬಿಸಿನೀರು ತುಂಬಿ, ಟವೆಲ್ ಸುತ್ತಿ, ಪೆಟ್ಟಿಗೆಯ ಒಂದೇ ಬದಿಗೆ ಇಡಿ. ಇನ್ನೊಂದು ಬದಿ ತಣ್ಣಗಿದ್ದರೆ ಬೇಡವಾದಾಗ ಪ್ರಾಣಿ ಸರಿದುಕೊಳ್ಳಬಹುದು. ಟವೆಲಿನ ಮೇಲೆ ನಿಮ್ಮ ಮಣಿಕಟ್ಟಿನ ಒಳಭಾಗವನ್ನು ಒಂದು ನಿಮಿಷ ಒತ್ತಿಡಿ. ಮಗುವಿನ ಸ್ನಾನದ ನೀರಿನಷ್ಟು ಹಿತವಾಗಿರಬೇಕು. ಚುರುಕ್ ಎಂದರೆ ಇನ್ನೊಂದು ಸುತ್ತು ಬಟ್ಟೆ. ಕೆಲವು ಗಂಟೆಗೊಮ್ಮೆ ನೀರು ಬದಲಿಸಬೇಕಾಗುತ್ತದೆ. ಕರೆಂಟ್ ಒಲೆಯ ಮನೆಯವರು ಈಗಲೇ ಥರ್ಮಾಸ್‌ಗಳನ್ನು ತುಂಬಿಡಿ. 2021ರಲ್ಲಿ ಎಷ್ಟೋ ಮನೆಗಳ ನಲ್ಲಿಯಲ್ಲಿ ನೀರೂ ನಿಂತಿತ್ತು, ಅದನ್ನು ಮರೆಯಬೇಡಿ.

ಜಯನಗರ ನಾಲ್ಕನೇ ಬ್ಲಾಕ್:
ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಬೆಂಗಳೂರಿನಲ್ಲಿ ನನ್ನ ಬಳಿ ಕೆಂಪು ಕಿವಿಯ ಆಮೆ ಇದೆ. ಏಪ್ರಿಲ್‌ನಲ್ಲಿ ಕರೆಂಟ್ ಹೋದರೆ ನನ್ನದು ಉಲ್ಟಾ ಸಮಸ್ಯೆ, ಫಿಲ್ಟರ್ ನಿಂತು ನೀರು ನಾರುತ್ತದೆ. ಪಕ್ಕದ ಮನೆಯವರು ನಕ್ಷತ್ರ ಆಮೆ ತರುವ ಯೋಚನೆಯಲ್ಲಿದ್ದಾರೆ, ಅದಕ್ಕೆ ನೀರೇ ಬೇಡ, ರಗಳೆ ಇಲ್ಲ ಎನ್ನುತ್ತಾರೆ.

ಹೆಬ್ಬಾಳದ ಪಶುವೈದ್ಯೆ:
ನಿಮ್ಮ ಆಮೆಯ ನೀರನ್ನು ಅರ್ಧ ಬದಲಿಸಿ, ತಿನ್ನಿಸುವುದನ್ನು ಕಡಿಮೆ ಮಾಡಿ, ಅಷ್ಟೇ. ಪಕ್ಕದ ಮನೆಯವರಿಗೆ ಬೇಡ ಎಂದು ಹೇಳಿ. ನಕ್ಷತ್ರ ಆಮೆಯನ್ನು ಮನೆಯಲ್ಲಿ ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ.

ರೌಂಡ್‌ರಾಕ್ ಅಮ್ಮ:
ಜನರೇಟರ್ ಗ್ಯಾರೇಜಿಗೆ ಬರುವುದಿಲ್ಲ ಎಂದು ತೀರ್ಮಾನವಾಯಿತು. ಮೇಲಿನದನ್ನು ಯಜಮಾನರಿಗೆ ಗಟ್ಟಿಯಾಗಿ ಓದಿ ಹೇಳಿದೆ. ಈಗ ಇನ್ನೊಂದು ಸಮಸ್ಯೆ. ಮಗ ಭೀಮನನ್ನು ತನ್ನ ಹಾಸಿಗೆಯಲ್ಲಿ, ಅಂಗಿಯೊಳಗೆ ಮಲಗಿಸಿಕೊಳ್ಳುತ್ತಾನಂತೆ. ಅವನಿಗೆ ಒಂಬತ್ತು ವರ್ಷ. ಅದೇ ಹಾಸಿಗೆಯಲ್ಲಿ ಮೂರು ವರ್ಷದ ತಂಗಿಯೂ ಮಲಗುತ್ತಾಳೆ.

ಪ್ಲೇನೋ ಹಾವಾಡಿಗ:
ಮೈಬಿಸಿಯಷ್ಟು ಒಳ್ಳೆಯ ಹೀಟರ್ ಇಲ್ಲ. ಸುಡುವುದಿಲ್ಲ, ಕರೆಂಟ್ ಬೇಡ. ಸುಟ್ಟ ಗಾಯ ನೋಡಿದ ಮೇಲೆ ಹಾವನ್ನು ದಿಂಬಿನ ಚೀಲಕ್ಕೆ ಹಾಕಿ ಜಾಕೆಟ್ಟಿನೊಳಗೆ ಇಟ್ಟುಕೊಂಡು ಕುಳಿತವನು ನಾನು. ಹುಡುಗನ ಬುದ್ಧಿ ನನಗೆ ಹಿಡಿಸಿತು.

ಹೆಬ್ಬಾಳದ ಪಶುವೈದ್ಯೆ:
ನನಗೆ ಹಿಡಿಸಲಿಲ್ಲ. ನಿದ್ದೆಯಲ್ಲಿ ಮಗ್ಗುಲಾದರೆ ಭೀಮನ ಪಕ್ಕೆಲುಬು ಮುರಿಯುತ್ತದೆ. ಜೊತೆಗೆ, ಆರೋಗ್ಯವಾಗಿರುವ ಸರೀಸೃಪದ ಮೈಮೇಲೂ ಸಾಲ್ಮೊನೆಲ್ಲಾ ಇರಬಹುದು. ಐದು ವರ್ಷದೊಳಗಿನ ಮಕ್ಕಳ ಹಾಸಿಗೆಗೆ ಅದು ಹೋಗಲೇಬಾರದು. ಎಚ್ಚರವಾಗಿರುವ ದೊಡ್ಡವರೊಬ್ಬರು ಅಂಗಿಯ ಮೇಲೆ ಜಾಕೆಟ್ ಹಾಕಿ ನಡುವೆ ಇಟ್ಟುಕೊಳ್ಳಲಿ, ಆಮೇಲೆ ಸೋಪಿನಿಂದ ಕೈ ತೊಳೆಯಲಿ.

ತೀರ್ಥಹಳ್ಳಿಯವ:
ಹಾಗಾದರೆ ಆ ಕೆಲಸ ಯಜಮಾನರದು. ಜನರೇಟರ್ ತರುವ ಹುಮ್ಮಸ್ಸು ಹೇಗೂ ಇದೆ.

ಬೋಲ್ಟು ನಟ್ಟು, ಟೊರಾಂಟೊ:
ಒಂದು ವಿಷಯವನ್ನು ಯಾರೂ ಹೇಳಿಲ್ಲ, ಚಳಿಗಿಂತ ನನಗೆ ಅದೇ ಹೆದರಿಕೆ. ಕರೆಂಟ್ ವಾಪಸು ಬರುವ ಗಳಿಗೆ. ರೌಂಡ್‌ರಾಕ್ ಅಮ್ಮ, ಭೀಮ ಮೈ ಕಾಯಿಸಿಕೊಳ್ಳುವ ಬಿಸಿಲು ದೀಪ ತೊಟ್ಟಿಯ ಜಾಲರಿ ಮುಚ್ಚಳದ ಮೇಲೆ ಕುಳಿತಿದೆಯಲ್ಲವೇ? ಅದರ ಸುತ್ತ ಕೌದಿ ಹೊದಿಸಿ ನೀವು ಮಲಗಿರುತ್ತೀರಿ. ಬೆಳಗಿನ ಜಾವ ಮೂರಕ್ಕೆ ಕರೆಂಟ್ ಬರುತ್ತದೆ. ದೀಪ ಹೊತ್ತಿಕೊಳ್ಳುತ್ತದೆ, ಕೌದಿ ಹತ್ತಿ ಬಟ್ಟೆಯದ್ದು. ಮುಂದಿನದನ್ನು ನಾನು ಬರೆಯಬೇಕಾಗಿಲ್ಲ.

ಹೀಟ್ ಮ್ಯಾಟ್‌ನದೂ ಇಂಥದ್ದೇ ಕಥೆ. ಪ್ರಾಣಿಯ ಜೊತೆ ಥರ್ಮೋಸ್ಟ್ಯಾಟಿನ ತಂತಿಯ ತುದಿಯನ್ನೂ ಹೊರಗೆ ತೆಗೆದಿಟ್ಟಿದ್ದರೆ, ಕರೆಂಟ್ ಬಂದಾಗ ಅದು ಕೋಣೆಯ ಚಳಿಯನ್ನು ಅಳೆದು ‘ಇನ್ನೂ ಸಾಲದು, ಇನ್ನೂ ಸಾಲದು’ ಎಂದು ಮ್ಯಾಟನ್ನು ನಿಲ್ಲಿಸದೆ ಕಾಯಿಸುತ್ತದೆ. ಹಾಗಾಗಿ ಕರೆಂಟ್ ಹೋದ ತಕ್ಷಣ ಮೊದಲು ಪ್ಲಗ್ ಕೀಳಿ, ಕೌದಿ ಆಮೇಲೆ.

ಪ್ಲೇನೋ ಹಾವಾಡಿಗ:
ಇದು ನನ್ನ ತಲೆಗೂ ಹೊಳೆದಿರಲಿಲ್ಲ. ಈಗಲೇ ಹೋಗಿ ನನ್ನ ಪ್ಲಗ್‌ಗಳಿಗೆಲ್ಲ ಕೆಂಪು ಟೇಪ್ ಸುತ್ತಿ ಬರುತ್ತೇನೆ, ಕತ್ತಲಲ್ಲಿ ಟಾರ್ಚ್ ಬಿಟ್ಟರೆ ಕಾಣುವ ಹಾಗೆ.

ರೌಂಡ್‌ರಾಕ್ ಅಮ್ಮ:
ಭಾನುವಾರ ಬೆಳಿಗ್ಗೆ. ರಾತ್ರಿ ಹನ್ನೊಂದೂವರೆಗೆ ಕರೆಂಟ್ ಹೋಯಿತು, ಇನ್ನೂ ಬಂದಿಲ್ಲ. ಪ್ಲಗ್ ಮೊದಲು ಕಿತ್ತೆ. ಕೋಣೆಯಲ್ಲಿ 13 ಡಿಗ್ರಿ, ಥರ್ಮೋಕೋಲ್ ಪೆಟ್ಟಿಗೆಯೊಳಗೆ ಬಾಟಲಿಯ ಬದಿ 24, ಇನ್ನೊಂದು ಬದಿ 19. ಭೀಮನ ಬೆನ್ನು ಇದ್ದಿಲಿನಂತೆ ಕಪ್ಪಾಗಿದೆ, ಬಾಟಲಿಗೆ ಹೊಟ್ಟೆ ಆನಿಸಿ ಒಂದೇ ಕಣ್ಣು ಬಿಟ್ಟು ನೋಡುತ್ತಾನೆ. ಕಪ್ಪಾಗುವುದು ಸಹಜವೇ?

ಹೆಬ್ಬಾಳದ ಪಶುವೈದ್ಯೆ:
ಸಹಜ. ಸಿಕ್ಕ ಬಿಸಿಯನ್ನೆಲ್ಲ ಹೀರಿಕೊಳ್ಳಲು ಕಪ್ಪಾಗುತ್ತಾನೆ. ಬಾಯಿ ತೆರೆದು ಉಸಿರಾಡಿದರೆ, ಮೂಗಿನಲ್ಲಿ ಗುಳ್ಳೆ ಬಂದರೆ ಮಾತ್ರ ನನಗೆ ತಿಳಿಸಿ.

ರೌಂಡ್‌ರಾಕ್ ಅಮ್ಮ:
ಅದೇನೂ ಇಲ್ಲ. ನೀರು ಬದಲಿಸುವ ಹೊತ್ತಾಯಿತು, ಮೊಬೈಲ್ ಹನ್ನೆರಡು ಶೇಕಡಕ್ಕೆ ಇಳಿದಿದೆ. ಕೌದಿಯನ್ನು ಈಗ ಯಜಮಾನರು ಹೊದ್ದುಕೊಂಡಿದ್ದಾರೆ.