ಕುವೈತ್‌ನಲ್ಲಿ 25 ರೂಪಾಯಿ, ನಮ್ಮಲ್ಲಿ ನೂರರ ಮೇಲೆ: ಪೆಟ್ರೋಲ್ ದರ ಹೋಲಿಸುವುದು ಹೇಗೆ?

ಪ್ರಶ್ನೆ (ವಿಜಯಪುರದಿಂದ): ನಮ್ಮ ಅಳಿಯ ಕುವೈತ್‌ನಲ್ಲಿ ಡ್ರೈವರ್. ಅಲ್ಲಿ ಸಾದಾ ಪೆಟ್ರೋಲ್ ಲೀಟರಿಗೆ 85 ಫಿಲ್ಸ್ (ಅಲ್ಲಿನ ಚಿಲ್ಲರೆ ಕಾಸು) ಅಂತೆ. ನಮ್ಮ ಲೆಕ್ಕದಲ್ಲಿ 25 ರೂಪಾಯಿ ಆಸುಪಾಸು. ಕಚ್ಚಾ ತೈಲದ ರೇಟು ಜಗತ್ತಿಗೆಲ್ಲ ಒಂದೇ ಅಂತಾರೆ. ಹಾಗಾದರೆ ಇಷ್ಟು ಅಂತರ ಯಾಕ್ರೀ?

ಉತ್ತರ (ಕಾಸ್ಟ್ ಅಕೌಂಟೆಂಟ್, ಬೆಳಗಾವಿ): ಕಚ್ಚಾ ತೈಲದ ದರ ಹೆಚ್ಚುಕಡಿಮೆ ಒಂದೇ, ನಿಜ. ಅಂತರ ಹುಟ್ಟುವುದು ಆಮೇಲೆ, ಸರ್ಕಾರ ಕೈ ಹಾಕಿದಾಗ. ಕುವೈತ್ ಸರ್ಕಾರ ತನ್ನ ತೈಲವನ್ನು ತನ್ನ ಜನಕ್ಕೆ ಅಗ್ಗಕ್ಕೆ ಬಿಡುತ್ತದೆ. ನೀವು ಹೇಳಿದ 85 ಫಿಲ್ಸ್ ಕೂಡ 2016ರಲ್ಲಿ ಏರಿಸಿದ ದರ, ಅದಕ್ಕೂ ಮೊದಲು 60 ಇತ್ತು! ನಾರ್ವೆಯೂ ತೈಲ ಮಾರುವ ದೇಶವೇ. ಆದರೆ ಅಲ್ಲಿ ಪೆಟ್ರೋಲ್ ನಮಗಿಂತ ದುಬಾರಿ, ಕಾರಣ ತೆರಿಗೆ. ಸ್ವಂತ ತೈಲ ಇದ್ದರೆ ಅಗ್ಗ ಅನ್ನುವ ಮಾತು ಅಲ್ಲಿಗೆ ಬಿತ್ತು.

ನಮ್ಮ ಕಥೆ ನೋಡಿ. 2025ರ ಏಪ್ರಿಲ್‌ನಲ್ಲಿ ಕೇಂದ್ರದ ಅಬಕಾರಿ ಸುಂಕ ಲೀಟರಿಗೆ 21.90 ರೂಪಾಯಿ ಆಯಿತು. ಅದಕ್ಕೆ ಡೀಲರ್ ಕಮಿಷನ್ ಸೇರುತ್ತದೆ. ಮೇಲೆ ರಾಜ್ಯದ ಮಾರಾಟ ತೆರಿಗೆ. ಕರ್ನಾಟಕ 2024ರ ಜೂನ್‌ನಲ್ಲಿ ಇದನ್ನು ಶೇ. 25.92ರಿಂದ 29.84ಕ್ಕೆ ಏರಿಸಿತು. ಈ ಶೇಕಡಾ ಬೀಳುವುದು ಸುಂಕವೂ ಸೇರಿದ ಮೊತ್ತದ ಮೇಲೆ. ಅಂದರೆ ಕೇಂದ್ರದ 21.90ರ ಮೇಲೆಯೇ ರಾಜ್ಯಕ್ಕೆ ಸುಮಾರು ಆರೂವರೆ ರೂಪಾಯಿ. ತೆರಿಗೆಗೂ ತೆರಿಗೆ! ಪೆಟ್ರೋಲ್ ಇನ್ನೂ ಜಿಎಸ್‌ಟಿ ಒಳಗೆ ಬಂದಿಲ್ಲ, ಹಾಗಾಗಿ ಇದು ನಡೆಯುತ್ತದೆ. ಕೇಂದ್ರ, ರಾಜ್ಯ ಇಬ್ಬರಿಗೂ ಈ ಆದಾಯ ಬಿಟ್ಟುಕೊಡಲು ಮನಸ್ಸಿಲ್ಲ ಅನ್ನುವುದು ನನ್ನ ಅನಿಸಿಕೆ.

ಪ್ರಶ್ನೆ (ನಿಪ್ಪಾಣಿಯಿಂದ): ಮೊದಲು ಕೊಲ್ಹಾಪುರ ಕಡೆಯ ಗಾಡಿಗಳು ನಮ್ಮ ಬಂಕುಗಳಿಗೆ ಬರ್ತಿದ್ದವು. ಈಗ ಕಡಿಮೆ ಅನಿಸುತ್ತೆ. ನಾವೇ ಗೋವಾಕ್ಕೆ ಹೋಗಿ ತುಂಬಿಸಿದರೆ ಉಳಿಯುತ್ತಾ?

ಉತ್ತರ: ಮಹಾರಾಷ್ಟ್ರದಲ್ಲಿ ಪೆಟ್ರೋಲ್ ಮೇಲೆ ಶೇ. 25 ವ್ಯಾಟ್ (ರಾಜ್ಯದ ಮಾರಾಟ ತೆರಿಗೆ), ಜೊತೆಗೆ ಲೀಟರಿಗೆ 5.12 ರೂಪಾಯಿ ಹೆಚ್ಚುವರಿ. ಹಾಗಾಗಿ ಮೊದಲು ನಾವು ಅಗ್ಗ ಇದ್ದೆವು. 2024ರ ಏರಿಕೆ ಆ ಅಂತರವನ್ನು ಬಹುಪಾಲು ತಿಂದಿತು. 2025ರ ಏಪ್ರಿಲ್‌ನಲ್ಲಿ ಡೀಸೆಲ್ ತೆರಿಗೆಯೂ ಶೇ. 21.17 ಆಯಿತು, ಲಾರಿಯವರಿಗೂ ಗಡಿ ದಾಟಿ ಬರುವ ಆಸೆ ಕಡಿಮೆಯಾಯಿತು.

ಗೋವಾ ತೆರಿಗೆ ನಮಗಿಂತ ಕಡಿಮೆ. ಲೀಟರಿಗೆ ಆರು ರೂಪಾಯಿ ಉಳಿಯುತ್ತದೆ ಅಂತಿಟ್ಟುಕೊಳ್ಳಿ. 35 ಲೀಟರಿಗೆ 210. ಬೆಳಗಾವಿಯಿಂದ ಹೊರಟರೂ ಚೋರ್ಲಾ ಘಟ್ಟ ಇಳಿದು ವಾಪಸ್ ಬರಲು 100 ಕಿ.ಮೀ. ಮೀರುತ್ತದೆ, ಕಾರಿಗೆ ಏಳು ಲೀಟರ್ ಬೇಕೇ ಬೇಕು. 700 ಸುಟ್ಟು 210 ಉಳಿಸಿದಂತೆ. ಬೇರೆ ಕೆಲಸಕ್ಕೆ ಹೋಗುವುದಿದ್ದರೆ ಮಾತು ಬೇರೆ. ಆಗ ಇಲ್ಲಿಂದ ಫುಲ್ ಟ್ಯಾಂಕ್ ಹಾಕಿಸಿಕೊಂಡು ಹೋಗಬೇಡಿ, ಬರುವಾಗ ಅಲ್ಲಿ ತುಂಬಿಸಿ.

ಪ್ರಶ್ನೆ (ಬಾಗಲಕೋಟೆಯಿಂದ, ವಿದ್ಯಾರ್ಥಿ): ಕಾಲೇಜಿನ ಪ್ರಾಜೆಕ್ಟ್‌ಗೆ ಹತ್ತು ದೇಶಗಳ ದರ ಹಾಕಬೇಕು. ಎಲ್ಲವನ್ನೂ ರೂಪಾಯಿಗೆ ಬದಲಿಸಿದರೆ ಸಾಕಾ ಸರ್?

ಉತ್ತರ: ಸಾಲದು. ಅಮೆರಿಕದ ದರ ಗ್ಯಾಲನ್‌ಗೆ. ಅವರ ಗ್ಯಾಲನ್ 3.785 ಲೀಟರ್, ಬ್ರಿಟನ್ನಿನ ಹಳೆಯ ಗ್ಯಾಲನ್ 4.546. ಅದಲುಬದಲು ಮಾಡಬೇಡಿ. ಅಮೆರಿಕದ ಬಂಕಿನ 87 ಆಕ್ಟೇನ್ (ಪೆಟ್ರೋಲ್ ದರ್ಜೆ ಹೇಳುವ ಅಂಕಿ) ಅಂದರೆ ನಮ್ಮ ಅಳತೆಯಲ್ಲಿ ಸುಮಾರು 91, ಅಳೆಯುವ ಪದ್ಧತಿಯೇ ಬೇರೆ. ಒಂದೇ ದಿನದ ದರ ತೆಗೆದುಕೊಳ್ಳಿ. ಯುಎಇ 2015ರ ಆಗಸ್ಟ್‌ನಿಂದ ಪ್ರತಿ ತಿಂಗಳೂ ದರ ಬದಲಿಸುತ್ತದೆ, ನಮ್ಮಲ್ಲಿ 2017ರ ಜೂನ್‌ನಿಂದ ದಿನವೂ ಬದಲಿಸುವ ಪದ್ಧತಿ. ಕಾಗದದ ಮೇಲಂತೂ ಇದೆ, ಬೋರ್ಡು ಮಾತ್ರ ತಿಂಗಳುಗಟ್ಟಲೆ ಅಲ್ಲಾಡಲ್ಲ! ಇರಾನ್ ಹಾಕುವುದಾದರೆ ಹುಷಾರು. 2019ರ ನವೆಂಬರ್‌ನಲ್ಲಿ ಕೋಟಾ ಒಳಗೆ ಒಂದು ದರ, ದಾಟಿದರೆ ಅದರ ಎರಡರಷ್ಟು ಅಂತ ಮಾಡಿದರು. ಯಾವುದನ್ನು ಹಾಕಿದ್ದೀರಿ ಅಂತ ಬರೆಯಿರಿ. ನೇಪಾಳ ಸುಲಭ, ನಮ್ಮ ಒಂದು ರೂಪಾಯಿಗೆ ಅವರ 1.60 ಅಂತ ಗಟ್ಟಿ ಮಾಡಿಟ್ಟಿದ್ದಾರೆ.

ಇನ್ನೊಂದು ಕಾಲಂ ಸೇರಿಸಿ: ಆ ದೇಶದಲ್ಲಿ ಒಂದು ದಿನದ ಕೂಲಿಗೆ ಎಷ್ಟು ಲೀಟರ್ ಬರುತ್ತದೆ? ನಾರ್ವೆಯ ದುಬಾರಿ ಪೆಟ್ರೋಲ್ ಅಲ್ಲಿನ ಕೂಲಿಯ ಮುಂದೆ ಹಗುರ ಅನಿಸುತ್ತದೆ. ನಮ್ಮ ನೂರು ರೂಪಾಯಿ ನಮಗೆ ಭಾರ.

ಪ್ರತಿಕ್ರಿಯೆ (ಮುಧೋಳದಿಂದ): ನಮ್ಮ ಕಬ್ಬಿನ ಎಥೆನಾಲ್ ಶೇ. 20 ಬೆರೆಸುತ್ತಾರಲ್ಲ, ಅದನ್ನೂ ಲೆಕ್ಕ ಹಿಡೀಬೇಕಲ್ವಾ?

ಉತ್ತರ: ಹಿಡಿಯಬೇಕು. ಒಂದು ಲೀಟರ್ ಎಥೆನಾಲ್‌ನಲ್ಲಿ ಪೆಟ್ರೋಲ್‌ಗಿಂತ ಸುಮಾರು ಮೂರನೇ ಒಂದು ಭಾಗ ಶಕ್ತಿ ಕಡಿಮೆ, ಮೈಲೇಜ್ ಸ್ವಲ್ಪ ಇಳಿಯುತ್ತದೆ. ಹಾಗಾಗಿ ಲೀಟರ್ ದರದ ಪಕ್ಕ ಕಿಲೋಮೀಟರ್ ಲೆಕ್ಕವೂ ಇರಲಿ. ವಿದ್ಯಾರ್ಥಿ ಮಿತ್ರರೇ, ಪಟ್ಟಿ ಆದ ಮೇಲೆ ಇಲ್ಲೇ ಹಾಕಿ, ತೆರಿಗೆ ಕಾಲಂ ನೋಡಿಕೊಡುತ್ತೇನೆ.