ಮ್ಯಾಕ್ರೋ ಛಾಯಾಗ್ರಹಣಕ್ಕೆ ‘ಸೂಕ್ಷ್ಮ’ ಒಪ್ಪುವುದೇ?

ಪದಚರ್ಚೆಯ ಬಂಧುಗಳಿಗೆ ಶಿರಸಿಯಿಂದ ನಮಸ್ಕಾರ.

ನಮ್ಮೂರಿನ ಪ್ರೌಢಶಾಲೆಯ ಮಕ್ಕಳಿಗಾಗಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಅಡಿಕೆ ತೋಟ, ಸೊಪ್ಪಿನ ಬೆಟ್ಟ, ಹಿತ್ತಿಲುಗಳಲ್ಲಿ ಸಿಗುವ ಹುಳುಗಳನ್ನು ಹಿಡಿಯದೆ, ಕೊಲ್ಲದೆ, ಜೇಬಿನಲ್ಲಿ ಹಿಡಿಸುವಂಥ ಪುಟ್ಟ ಕ್ಯಾಮೆರಾದಿಂದ ತೀರ ಹತ್ತಿರದ ಚಿತ್ರ ತೆಗೆಯುವುದು ಹೇಗೆ ಎಂಬುದು ವಿಷಯ. ಲೆನ್ಸ್, ಫ್ಲ್ಯಾಶ್, ಫೋಕಸ್ ಇವನ್ನು ಹಾಗೆಯೇ ಇಟ್ಟುಕೊಂಡಿದ್ದೇನೆ. ಮಕ್ಕಳಿಗೆ ಅವು ಗೊತ್ತು. ತೊಡಕಿರುವುದು ಬೇರೆ ಕಡೆ.

ಮೊದಲನೆಯದು ‘ಮ್ಯಾಕ್ರೋ’, ಅಂದರೆ ಇಂಥ ತೀರ ಹತ್ತಿರದ ಚಿತ್ರ ತೆಗೆಯುವ ಬಗೆ. ಇದನ್ನು ‘ಸೂಕ್ಷ್ಮ ಛಾಯಾಗ್ರಹಣ’ ಎನ್ನುವವರಿದ್ದಾರೆ. ಗ್ರೀಕ್ ಮೂಲದಲ್ಲಿ ಮ್ಯಾಕ್ರೋ ಎಂದರೆ ಉದ್ದನೆಯದು, ದೊಡ್ಡದು. ಹಾಗಾಗಿ ಸೂಕ್ಷ್ಮ ಅದಕ್ಕೆ ನೇರ ವಿರುದ್ಧ. ಅಷ್ಟಕ್ಕೇ ಅದನ್ನು ತಳ್ಳಿಹಾಕುವುದು ನ್ಯಾಯವಲ್ಲ, ಏಕೆಂದರೆ ನಿಕಾನ್ ಕಂಪನಿಯೇ ತನ್ನ ಇಂಥ ಲೆನ್ಸುಗಳನ್ನು ‘ಮೈಕ್ರೋ’ ಎಂದು ಕರೆಯುತ್ತದೆ. ನನ್ನ ಆಕ್ಷೇಪ ಬೇರೆ. ಸೂಕ್ಷ್ಮದರ್ಶಕ, ಸೂಕ್ಷ್ಮಾಣು ಎಂದು ಓದಿದ ಮಕ್ಕಳಿಗೆ ಆ ಪದ ಬರಿಗಣ್ಣಿಗೆ ಕಾಣದ ಲೋಕವನ್ನು ಸೂಚಿಸುತ್ತದೆ. ನಾವು ತೆಗೆಯಹೊರಟಿರುವುದು ಮಾವಿನ ಎಲೆಗಳನ್ನು ಸೇರಿಸಿ ಗೂಡು ಹೆಣೆಯುವ ಚಗಳಿ ಇರುವೆಯನ್ನು. ಅದು ಕಣ್ಣಿಗೆ ಚೆನ್ನಾಗಿಯೇ ಕಾಣುತ್ತದೆ, ಕಚ್ಚಿದರೆ ಇನ್ನೂ ಚೆನ್ನಾಗಿ ತಿಳಿಯುತ್ತದೆ.

ಇಲ್ಲಿ ಎರಡು ಅರ್ಥಗಳು ಒಂದೇ ಪದದಲ್ಲಿ ಕಲೆತುಹೋಗಿವೆ. ಕಟ್ಟುನಿಟ್ಟಾಗಿ ಹೇಳಿದರೆ, ಕ್ಯಾಮೆರಾದ ಸಂವೇದಕದ (ಸೆನ್ಸರಿನ) ಮೇಲೆ ಹುಳುವಿನ ಬಿಂಬ ಅದರ ನಿಜಗಾತ್ರದಲ್ಲೇ, ಅಂದರೆ 1:1ರ ಪ್ರಮಾಣದಲ್ಲಿ, ಮೂಡಿದಾಗ ಅದು ಮ್ಯಾಕ್ರೋ. ಪುಟ್ಟ ಕ್ಯಾಮೆರಾಗಳ ಸಂವೇದಕ ಅನೇಕ ಮಾದರಿಗಳಲ್ಲಿ ಸುಮಾರು 6 ಮಿಲಿಮೀಟರ್ ಅಗಲ ಮಾತ್ರ; ಆ ಪ್ರಮಾಣದಲ್ಲಿ ದೊಡ್ಡ ಚಗಳಿಯೊಂದು ಚೌಕಟ್ಟಿನಲ್ಲಿ ಹಿಡಿಸುವುದೇ ಇಲ್ಲ. ಆದರೆ ಅದೇ ಕ್ಯಾಮೆರಾದ ಮೇಲಿರುವ ಹೂವಿನ ಗುರುತು, ಅದನ್ನೂ ಮ್ಯಾಕ್ರೋ ಎಂದೇ ಕರೆಯುತ್ತಾರೆ, ಹೇಳುವುದು ‘ಹತ್ತಿರದ ವಸ್ತುವಿಗೆ ಫೋಕಸ್ ಮಾಡಬಲ್ಲೆ’ ಎಂದಷ್ಟೇ. ಹೂವಿನ ಗುರುತಿಗೆ ‘ಸಮೀಪ’ ಎಂದೂ 1:1ರ ಚಿತ್ರಕ್ಕೆ ‘ನಿಜಗಾತ್ರ’ ಎಂದೂ ಬೇರ್ಪಡಿಸಿದರೆ ಹೇಗೆ?

ಸಮೀಪ ಎಂದೊಡನೆ ಎಷ್ಟು ಸಮೀಪ ಎಂಬ ಪ್ರಶ್ನೆ ಬರುತ್ತದೆ. ಕೆಲವು ಕ್ಯಾಮೆರಾಗಳು 1 ಸೆಂಟಿಮೀಟರ್ ದೂರದವರೆಗೂ ಹೋಗುತ್ತವೆ. ಅಷ್ಟು ಹೋದರೆ ಲೆನ್ಸಿನ ನೆರಳು ಹುಳುವಿನ ಮೇಲೆ ಬೀಳುತ್ತದೆ, ಹುಳು ಹಾರಿಹೋಗುತ್ತದೆ. ಅದರ ಬದಲು ಜೂಮ್ ಪೂರ್ತಿ ಎಳೆದು, ಮುಂದೆ 10 ಡಯಾಪ್ಟರಿನ (ಡಯಾಪ್ಟರ್ ಎಂದರೆ ಮಸೂರದ ಶಕ್ತಿಯ ಅಳತೆ) ಮಸೂರ ಸಿಕ್ಕಿಸಿದರೆ ಸುಮಾರು 10 ಸೆಂಟಿಮೀಟರ್ ದೂರದಿಂದಲೇ ದೊಡ್ಡ ಚಿತ್ರ ಸಿಗುತ್ತದೆ. ಈ ಮಸೂರಕ್ಕೆ ‘ಭೂತಗನ್ನಡಿ’ ಎಂದೇ ಬರೆದಿದ್ದೇನೆ. ಕೆಲಸವೂ ಅದೇ, ಪದವೂ ನಮ್ಮದೇ. ಲೆನ್ಸಿಗೂ ಹುಳುವಿಗೂ ನಡುವೆ ಉಳಿಯುವ ಆ ಜಾಗಕ್ಕೆ ಮಾತ್ರ ‘ಎಟುಕುದೂರ’ ಎಂಬುದಕ್ಕಿಂತ ಒಳ್ಳೆಯದು ಹೊಳೆದಿಲ್ಲ.

ನನ್ನನ್ನು ಹೆಚ್ಚು ಕಾಡಿದ್ದು ‘ಡೆಪ್ತ್ ಆಫ್ ಫೀಲ್ಡ್’. ‘ಕ್ಷೇತ್ರದ ಆಳ’ ಎಂದರೆ ನಮ್ಮ ಮಕ್ಕಳಿಗೆ ಗದ್ದೆಯೋ ಗೋಕರ್ಣವೋ ನೆನಪಾದೀತು. ವಿಷಯ ಸರಳ: ಫೋಕಸ್ ಮಾಡಿದ ಜಾಗದ ಹಿಂದೆ ಮುಂದೆ ಸ್ವಲ್ಪ ಭಾಗ ಮಾತ್ರ ಸ್ಪಷ್ಟವಾಗಿರುತ್ತದೆ. ಹತ್ತಿರ ಹೋದಷ್ಟೂ ಅದು ತೆಳುವಾಗುತ್ತದೆ. ಒಂದೇ ಅಪರ್ಚರಿನಲ್ಲಿ (ಅಂದರೆ ಲೆನ್ಸಿನೊಳಗೆ ಬೆಳಕು ಬಿಡುವ ಕಿಂಡಿಯ ಎಫ್-ಸಂಖ್ಯೆ ಒಂದೇ ಇಟ್ಟು) ಹುಳು ಚೌಕಟ್ಟು ತುಂಬುವಂತೆ ತೆಗೆದರೆ, ದೊಡ್ಡ ಕ್ಯಾಮೆರಾಕ್ಕಿಂತ ಪುಟ್ಟ ಕ್ಯಾಮೆರಾದಲ್ಲಿ ಈ ಭಾಗ ದಪ್ಪ. ಅದರ ಹೆಚ್ಚುಗಾರಿಕೆಯೇ ಇದು. ಆದರೂ ಮಿಡತೆಯನ್ನು ಎದುರಿನಿಂದ ತೆಗೆದರೆ ಕಣ್ಣು ನಿಚ್ಚಳ, ಹಿಂಗಾಲು ಮಸುಕು. ಪಕ್ಕದಿಂದ, ಅದರ ಮೈಗೆ ಸಮಾಂತರವಾಗಿ ಕ್ಯಾಮೆರಾ ಹಿಡಿದರೆ ಕುಡಿಮೀಸೆಯಿಂದ ಹೊಟ್ಟೆಯ ತುದಿಯವರೆಗೆ ಬಹುಪಾಲು ಆ ತೆಳುಭಾಗದೊಳಗೆ ಬಂದುಬಿಡುತ್ತದೆ. ಇದನ್ನು ವಿವರಿಸುವಾಗ ‘ಆಳ’ ಎಂಬ ಪದ ಅಡ್ಡಬರುತ್ತದೆ. ‘ಪದರ’ ಎಂದೊಡನೆ ದಾರಿ ತೆರೆಯುತ್ತದೆ. ಪದರ ತೆಳುವಿರಬಹುದು, ದಪ್ಪವಿರಬಹುದು, ಓರೆಯಾಗಿಯೂ ಇರಬಹುದು. ಆದ್ದರಿಂದ ‘ಸ್ಪಷ್ಟಪದರ’ ಎಂದು ಬರೆಯುವ ಮನಸ್ಸಿದೆ. ದೂರದ ದೃಶ್ಯಗಳಿಗೂ ಇದು ಹೊಂದೀತೇ, ಬೆಟ್ಟಸಾಲು ಪೂರ್ತಿ ಸ್ಪಷ್ಟವಾಗಿರುವಾಗ ‘ಪದರ’ ಎಂದರೆ ವಿಚಿತ್ರವೆನಿಸುತ್ತದೆಯೇ, ಛಾಯಾಗ್ರಾಹಕರು ಹೇಳಬೇಕು.

ಕೊನೆಯದಾಗಿ ಕಾರವಾರ, ಅಂಕೋಲಾ, ಕುಮಟಾ ಕಡೆಯವರಲ್ಲಿ ಒಂದು ಕೋರಿಕೆ. ಚಗಳಿಗೆ ಕರಾವಳಿಯ ಮನೆಮಾತುಗಳಲ್ಲಿ ಬೇರೆ ಹೆಸರಿದ್ದರೆ ದಯವಿಟ್ಟು ತಿಳಿಸಿ. ಚಿತ್ರದ ಅಡಿಬರಹದಲ್ಲಿ ಎರಡನ್ನೂ ಹಾಕುತ್ತೇನೆ.