ಸಹಾಯ ಬೇಕು: ಪ್ರೊಸೆಸರ್ ಎಎಂಡಿಯ ರೈಜೆನ್ 5 7600 ತಗೊಳ್ಳಲಾ, ಇಂಟೆಲ್‌ನ ಐ5 13400 ತಗೊಳ್ಳಲಾ? ಮದರ್‌ಬೋರ್ಡ್ ಯಾವುದು?

ಎಲ್ಲರಿಗೂ ನಮಸ್ಕಾರ. ಹೊಸ ಡೆಸ್ಕ್‌ಟಾಪ್ ಜೋಡಿಸಬೇಕು ಅಂತಿದ್ದೇನೆ. ಕೆಲಸ ಜಾಸ್ತಿ ವಿಡಿಯೋ ಎಡಿಟಿಂಗ್, ಜೊತೆಗೆ ಸ್ವಲ್ಪ ಪ್ರೋಗ್ರಾಮಿಂಗ್. ಗೇಮ್ ಅಪರೂಪ. ಗ್ರಾಫಿಕ್ಸ್ ಕಾರ್ಡ್ ಸದ್ಯಕ್ಕೆ ಬೇಡ. ಹಾಗಾಗಿ ಹೆಸರಿನ ಕೊನೆಯಲ್ಲಿ 'ಎಫ್' ಇರುವ ಇಂಟೆಲ್ ಪ್ರೊಸೆಸರ್ ಹೇಳಬೇಡಿ, ಅದರಲ್ಲಿ ಒಳಗೆ ಗ್ರಾಫಿಕ್ಸ್ ಇರುವುದಿಲ್ಲ.

ತಲೆನೋವು ಶುರುವಾಗುವುದು ರ್‍ಯಾಮ್‌ನಿಂದ. ನನ್ನ ಹತ್ತಿರ 32 ಜಿಬಿ ಡಿಡಿಆರ್4 (ಹಿಂದಿನ ತಲೆಮಾರಿನ ರ್‍ಯಾಮ್) ಚೆನ್ನಾಗಿಯೇ ಇದೆ. ಇಂಟೆಲ್ ಆದರೆ ಡಿಡಿಆರ್4 ಹಾಕುವ ಬಿ760 ಬೋರ್ಡ್ ಸಿಗುತ್ತದೆ, ಅದನ್ನೇ ಬಳಸಬಹುದು. ರೈಜೆನ್‌ನ ಎಎಂ5 ಸಾಕೆಟ್‌ಗೆ (ಬೋರ್ಡ್‌ನಲ್ಲಿ ಪ್ರೊಸೆಸರ್ ಕೂರುವ ಜಾಗ) ಹೊಸ ಡಿಡಿಆರ್5 ಮಾತ್ರ. ಇರುವ ರ್‍ಯಾಮ್ ಸುಮ್ನೆ ಮೂಲೆಗೆ ಹೋಗುತ್ತದೆ.

ಆದರೆ ಎಎಂ5ಗೆ ಕನಿಷ್ಠ 2027ರವರೆಗೆ ಬೆಂಬಲ ಇರುತ್ತದೆ ಅಂತ ಎಎಂಡಿ ಹೇಳಿದೆ. ಮುಂದೆ ಬೋರ್ಡ್ ಹಾಗೇ ಇಟ್ಟುಕೊಂಡು ಪ್ರೊಸೆಸರ್ ಮಾತ್ರ ಬದಲಾಯಿಸಬಹುದು. ಐ5 13400 ಕೂರುವ ಇಂಟೆಲ್‌ನ ಎಲ್‌ಜಿಎ1700 ಸಾಕೆಟ್‌ನಲ್ಲಿ ಹೊಸ ಸರಣಿಗೆ ಹೋಗುವ ದಾರಿ ಇಲ್ಲ. ಕೋರ್ ಅಲ್ಟ್ರಾ 200 ಸರಣಿಗೆ ಸಾಕೆಟ್ಟೇ ಬೇರೆ.

ಇಷ್ಟಕ್ಕೇ ಮುಗಿದಿದ್ದರೆ ರೈಜೆನ್ ಅಂದುಬಿಡುತ್ತಿದ್ದೆ. ನನ್ನ ಕ್ಯಾಮೆರಾ ಎಚ್.265 (ವಿಡಿಯೋ ಕುಗ್ಗಿಸುವ ಒಂದು ವಿಧಾನ), 10 ಬಿಟ್, 4:2:2 ಫೈಲ್ ಕೊಡುತ್ತದೆ, ಅಂದರೆ ಬಣ್ಣದ ವಿವರ ಜಾಸ್ತಿ ಇರುವ ಫೈಲ್. ಅದನ್ನು ಇಂಟೆಲ್‌ನ ಕ್ವಿಕ್ ಸಿಂಕ್ (ಒಳಗಿನ ಗ್ರಾಫಿಕ್ಸ್‌ನಲ್ಲಿರುವ ವಿಡಿಯೋ ಭಾಗ) ಹಾರ್ಡ್‌ವೇರ್‌ನಲ್ಲೇ ಬಿಡಿಸುತ್ತದೆ (ಡಿಕೋಡ್). 7600ರ ಗ್ರಾಫಿಕ್ಸ್‌ಗೆ ಅದು ಆಗುವುದಿಲ್ಲ, ಭಾರವೆಲ್ಲ ಕೋರ್‌ಗಳ ಮೇಲೆ ಬೀಳುತ್ತದೆ. ಪ್ರಾಕ್ಸಿ (ಎಡಿಟಿಂಗ್‌ಗೆ ಹಗುರವಾದ ನಕಲು ಫೈಲ್) ಮಾಡಿಕೊಂಡರೆ ಆಯ್ತು ಅನ್ನಬಹುದು. ಆದರೆ ಪ್ರತಿ ಸಲ ಯಾರು ಕಾಯುತ್ತಾರೆ, ಅಲ್ವಾ?

ಇಂಥ ಫೈಲ್‌ಗಳನ್ನು 7600ರಲ್ಲಿ ಎಡಿಟ್ ಮಾಡುವವರು ಯಾರಾದರೂ ಇದ್ದೀರಾ? ಟೈಮ್‌ಲೈನ್ ತಡವರಿಸುತ್ತದಾ? ಇನ್ನೊಂದು ವಿಷಯ. ಬೋರ್ಡ್ ಯಾವುದೇ ಆಗಲಿ, ಎರಡು ಎಂ.2 ಸ್ಲಾಟ್ (ಎಸ್‌ಎಸ್‌ಡಿ ಹಾಕಲು), ನಾಲ್ಕು ರ್‍ಯಾಮ್ ಸ್ಲಾಟ್ ಬೇಕು. ಬಣ್ಣದ ಲೈಟು ಬೇಡವೇ ಬೇಡ. ವಿಆರ್‌ಎಂ (ಪ್ರೊಸೆಸರ್‌ಗೆ ವಿದ್ಯುತ್ ಹದ ಮಾಡಿ ಕೊಡುವ ಭಾಗ) ಮೇಲೆ ಹೀಟ್‌ಸಿಂಕ್ ಇಲ್ಲದ ಬೋರ್ಡ್‌ನಲ್ಲಿ ಗಂಟೆಗಟ್ಟಲೆ ರೆಂಡರ್ ಮಾಡಿದವರು ಇದ್ದರೆ, ಬಿಸಿ ಎಷ್ಟಾಗುತ್ತದೆ ಅಂತಲೂ ತಿಳಿಸಿ.